ಹಡಗಿನಲ್ಲಿ ಬಂದ ಸಾರು

ಮಾರಾಟವೇನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ವಸ್ತು ಚೆನ್ನಾಗಿರಬೇಕು, ಮಾತು ಮೆತ್ತಗಿರಬೇಕು, ಉಳಿದದ್ದನ್ನು ಗಿರಾಕಿಯೇ ನೋಡಿಕೊಳ್ಳುತ್ತಾನೆ. ವಸ್ತು ಚೆನ್ನಾಗಿಯೇ ಇತ್ತು. ನನ್ನ ಮಾತು ಮೊದಲಿನಿಂದಲೂ ಮೆತ್ತಗೆ. ಗಿರಾಕಿ ಮಾತ್ರ ತನ್ನ ಕೆಲಸ ಮಾಡಲಿಲ್ಲ!

ವಸ್ತು ಎಂದರೆ ಸಾರು. ತರಕಾರಿ ಕುದಿಸಿ, ಸೋಸಿ, ಕಾಗದದ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿದ ತಿಳಿಸಾರು. ಪರದೇಶದಲ್ಲಿ ತಯಾರಾಗಿ, ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿನ ಒಂದು ಕಂಪನಿಯಿಂದ ದೇಶಕ್ಕೆಲ್ಲ ಹಂಚಿಕೆಯಾಗುವಂಥದ್ದು. ಫ್ರಿಜ್ ಬೇಡ, ವರ್ಷ ದಾಟಿದರೂ ಕೆಡುವುದಿಲ್ಲ. ನಮ್ಮ ಯಜಮಾನರು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಗೆ ಅದರ ವಿತರಕರಾದರು. ಇಡೀ ದೇಶ ಕುಡಿಯುವಾಗ ನಾವ್ಯಾಕೆ ಹಿಂದೆ ಬೀಳಬೇಕು ಎಂಬುದು ಅವರ ವಾದ. ಮಾಲು ಬರುವ ಮೊದಲೇ ಅವರ ಎದೆ ನಿಂತಿತು. ದಿವಸದ ಕಾರ್ಯ ಮುಗಿದ ಮೇಲೆ ಲಾರಿ ಬಂದು ಬಾಗಿಲಲ್ಲಿ ನಿಂತು, ಚಾಲಕ ಅವರ ಹೆಸರು ಹಿಡಿದು ಕರೆದ. ನಾನೇ ಹೋಗಿ ಇಳಿಸಿಕೊಂಡೆ.

ಪಡಸಾಲೆಯ ಖೋಲಿ ಮಾಳಿಗೆಯ ತನಕ ತುಂಬಿತು. ನೋಡಲು ಬಂದ ಭಾವ, ಅಂದರೆ ಅವರ ಅಣ್ಣ, ಬಾಗಿಲಲ್ಲೇ ನಿಂತು ತಲೆಯಾಡಿಸಿದರು.

"ಹಿಡಕಲ್ ಡ್ಯಾಮ್ ತುಂಬಿ ನಿಂತಾಗ ನೀರನ್ನ ಹಡಗಿನ್ಯಾಗ ತರಿಸಿದ ಮನಿತನ ಅಂದ್ರ ನಮ್ಮದ ನೋಡವಾ. ಅವನ ಹುಚ್ಚು ಅವನ ಜೋಡಿನ ಹೋಗ್ಲಿ. ವರ್ಷದ ಕಾರ್ಯದ ಮಟಾ ನೋಡ್ತೇನಿ, ಆಮ್ಯಾಲ ಎಲ್ಲಾ ಕಾಲುವಿಗೆ."

ಭಾವ ಕೆಟ್ಟವರಲ್ಲ. ಆದರೆ ಊರಲ್ಲಿ ಅವರ ತಮ್ಮನ ಹೆಸರು ಬಂದಾಗಲೆಲ್ಲ ಜನ ಮೊದಲು 'ಅಯ್ಯೋ ಪಾಪ' ಎಂದು, ಆಮೇಲೆ ಸಾರಿನ ನೆನಪಾಗಿ ತುಟಿ ಬಿಗಿಹಿಡಿಯುತ್ತಿದ್ದರು. ಆ ಬಿಗಿಹಿಡಿದ ನಗೆಯೇ ನನಗೆ ತಡೆಯದಾಯಿತು. ಅವರ ಕೊನೆಯ ಕೆಲಸ ಕಾಲುವೆ ಸೇರಬಾರದು. ನಾನೇ ಮಾರುತ್ತೇನೆ ಎಂದು ಘೋಷಿಸಿದೆ.

ಮೊದಲ ದಂಡಯಾತ್ರೆ ಮೂಡಲಗಿ ಸಂತೆಗೆ. ಬಾಜೂಮನೆಯ ಗಂಗಕ್ಕ ಸ್ಟವ್ ಹಿಡಿದು ಜೊತೆಗೆ ಬಂದಳು. ಸಾರು ಬಿಸಿಮಾಡಿ ಚಹಾದ ಕಪ್ಪಿನಲ್ಲಿ ಪುಕ್ಕಟೆ ಹಂಚಿದೆವು. ಮೊದಲ ರೈತರು ಒಂದು ಗುಟುಕು ಕುಡಿದು, ಸಕ್ಕರೆ ಹಾಕಲು ಮರೆತಿದ್ದೀರಿ ಎಂದು ಸಮಾಧಾನದಿಂದ ತಿಳಿಸಿದರು. ಎರಡನೆಯವರು ಕುರಿ ಮಾರಲು ಬಂದ ಹಿರಿಯರು. ಪೂರ್ತಿ ಕುಡಿದು ಮೀಸೆ ಒರೆಸಿಕೊಂಡರು. ನನ್ನ ಎದೆ ಅರಳಿತು.

"ಯಾವ ಜಡ್ಡಿಗೆ ಕೊಡ್ತಾರ್ರಿ ಇದನ್ನ?" ಎಂದು ಕೇಳಿದರು.

"ಜಡ್ಡಿಗೆ ಅಲ್ರಿ ಕಾಕಾ. ಆರಾಮ ಇದ್ದವರು ಕುಡಿಯೂದು."

"ಆರಾಮ ಇದ್ದವರು ಯಾಕ ಕುಡೀಬೇಕ್ರಿ?"

ಈ ಪ್ರಶ್ನೆಗೆ ಮಾಲಿನ ಜೊತೆ ಬಂದ ಕಂಪನಿಯ ಚೀಟಿಯಲ್ಲಿ ಉತ್ತರವಿರಲಿಲ್ಲ. ಸ್ಟವ್ ಆರಿಸಿದೆವು.

ನಿಡಸೋಸಿಯಲ್ಲಿ ಕಾಲೇಜು ಇದೆ, ಓದಿದವರಿಗೆ ತಿಳಿದೀತು ಎಂದುಕೊಂಡು ಅಲ್ಲಿಯ ಒಂದು ಖಾನಾವಳಿಗೆ ಹೋದೆ. ಅಡುಗೆಯವರು ರುಚಿ ನೋಡಿ, ಇದು ಒಗ್ಗರಣೆ ಹಾಕುವ ಮುಂಚೆಯೇ ಪಾತ್ರೆಯಿಂದ ಓಡಿಬಂದ ಸಾರು ಎಂದು ತೀರ್ಪು ಕೊಟ್ಟರು. ಗೋಕಾಕದ ಕರದಂಟಿನ ಅಂಗಡಿಗಳಲ್ಲಿ ಇಟ್ಟು ನೋಡಿದೆ. ಕರದಂಟು ಒಯ್ಯಲು ಬಂದವರು ಡಬ್ಬಿಯ ಮೇಲೆ ಚೀಲ ಇಟ್ಟು ವಿಶ್ರಮಿಸಿದರು. ಕೊನೆಗೆ ಗಂಗಕ್ಕ ಕರುಣೆಯಿಂದ ಒಂದು ಡಬ್ಬಿ ಒಯ್ದು ತನ್ನ ಎಮ್ಮೆಯ ಬಾನಿಗೆ ಸುರಿದಳು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

ಹೀಗೆ ತಾಲೂಕು ಸುತ್ತುವುದರಲ್ಲಿ ವರ್ಷದ ಕಾರ್ಯ ಬಂದುಬಿಟ್ಟಿತು. ಉಣ್ಣುವ ಮಂದಿ ಬಹಳ. ಹೋಳಿಗೆಯನ್ನು ಮನೆಯಲ್ಲಿ ಮಾಡುವ ತ್ರಾಣ ನನಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೋಳಿಗೆ ಮಾಡಿ ಮಾರುವ ಸುವರ್ಣಾಳಿಗೆ ಹೇಳಿದೆ. ಹೇಳಿದ ಹೊತ್ತಿಗೆ ಹೋಳಿಗೆ ಬಂದವು. ಪೂಜೆಯಾಯಿತು, ಪಂಕ್ತಿ ಕೂತಿತು. ಆಗ ಗಂಗಕ್ಕ ಒಳಗೆ ಬಂದು ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿದಳು.

"ಅಕ್ಕಾ, ಕಟ್ಟು ಎಲ್ಲೈತಿ?"

ನಮ್ಮ ಕಡೆ ಹೋಳಿಗೆ ಎಂದರೆ ಕಟ್ಟಿನ ಸಾರು ಇದ್ದೇ ಇರಬೇಕು. ಹೂರಣಕ್ಕೆ ಕಡಲೆಬೇಳೆ ಕುದಿಸಿ ಬಸಿದ ನೀರೇ ಕಟ್ಟು. ಅದಕ್ಕೆ ಮಸಾಲೆ, ಒಗ್ಗರಣೆ ಹಾಕಿದರೆ ಸಾರು. ಬೇಳೆ ನನ್ನ ಮನೆಯಲ್ಲಿ ಕುದಿದೇ ಇರಲಿಲ್ಲ, ಕಟ್ಟು ಎಲ್ಲಿಂದ ಬರಬೇಕು? ಸುವರ್ಣಾಳಿಗೆ ಫೋನ್ ಮಾಡಿದೆ. "ಕಟ್ಟು ಎಷ್ಟೊತ್ತು ಇಡಾಕ ಬರ್ತೈತ್ರಿ ಅಕ್ಕಾರ, ಬಿಸಲಿಗೆ ಹುಳಿ ಆಗ್ತೈತಿ. ಮುಂಜಾನೆನ ಚೆಲ್ಲೇನಿ," ಎಂದಳು.

ಹೊರಗಿನಿಂದ ಭಾವನ ಧ್ವನಿ ಬಂತು. ಸಾರು ಬರಲಿ ಎನ್ನುತ್ತಿದ್ದರು.

ಮನೆಯ ತುಂಬ ಸಾರು ಇದ್ದ ಹೆಣ್ಣುಮಗಳು ಸಾರಿಲ್ಲವೆಂದು ಅಳುತ್ತ ನಿಂತದ್ದು ನಾನೊಬ್ಬಳೇ ಇರಬೇಕು! ಕಣ್ಣೊರೆಸಿಕೊಂಡೆ. ಖೋಲಿಗೆ ಹೋಗಿ ಡಬ್ಬಿಗಳನ್ನು ಹೊತ್ತು ತಂದು ಕೊಪ್ಪರಿಗೆಗೆ ಸುರಿದೆ. ಹುಣಸೆ, ಬೆಲ್ಲ, ಹುರಿದ ಕೊಬ್ಬರಿ, ಮಸಾಲೆ ಖಾರ ಬಿತ್ತು. ಮಂದವಾಗಲಿ ಎಂದು ಗಂಗಕ್ಕ ಕೆಲವು ಹೋಳಿಗೆಗಳ ಹೊಟ್ಟೆ ಬಗೆದು ಹೂರಣ ತೆಗೆದು ಕಲಸಿದಳು. ಬೆಳ್ಳುಳ್ಳಿ ಒಗ್ಗರಣೆ ಚುರ್ ಎಂದಿತು. ಮೊದಲ ಬಟ್ಟಲನ್ನು ಅವರ ಫೋಟೊದ ಮುಂದಿನ ಎಡೆಗೆ ಇಟ್ಟೆ. ಎರಡನೆಯದು ಭಾವನಿಗೆ.

ಭಾವ ಸೊರ್ರೆಂದು ಕುಡಿದರು. ಇನ್ನೊಂದು ಸೌಟು ಹಾಕಿಸಿಕೊಂಡರು. ಮೂರನೆಯ ಸಲ ಬಟ್ಟಲನ್ನು ಅವರೇ ಮುಂದೆ ಚಾಚಿದರು.

"ಕಟ್ಟಿನ ಸಾರಂದ್ರ ಇದ ನೋಡು. ನಮ್ಮವ್ವನ ಕೈ ನೆನಪಾತು. ಯಾರ ಮಾಡಿದ್ದವಾ?"

"ನಿಮ್ಮ ತಮ್ಮನ ಸಾರ್ರಿ," ಎಂದೆ. "ಹಡಗಿನ್ಯಾಗ ಬಂದದ್ದು."

ಭಾವ ಬಟ್ಟಲನ್ನು ನೋಡಿದರು, ಫೋಟೊ ನೋಡಿದರು. ಆಮೇಲೆ ತಲೆ ತಗ್ಗಿಸಿ ಉಳಿದದ್ದನ್ನೂ ಕುಡಿದರು. ಕಾಲುವೆಯ ಮಾತು ಮತ್ತೆ ಬರಲಿಲ್ಲ.

ಮರುದಿನವೇ ಸುವರ್ಣಾಳ ಅಂಗಡಿಗೆ ಹೋದೆ. ಈಗ ಹೋಳಿಗೆಯನ್ನು ಕೊಂಡು ತಿನ್ನುವ ಮನೆಗಳೇ ಹೆಚ್ಚು. ಅವರಿಗೆ ಹೋಳಿಗೆ ಸಿಗುತ್ತದೆ, ಕಟ್ಟು ಸಿಗುವುದಿಲ್ಲ. ಕಟ್ಟು ಸಂಜೆಯವರೆಗೆ ಉಳಿಯದು, ನಮ್ಮ ಡಬ್ಬಿ ವರ್ಷ ದಾಟಿಯೂ ಉಳಿಯುತ್ತದೆ. ಹೋಳಿಗೆ, ಡಬ್ಬಿ, ಮಸಾಲೆ ಪುಡಿ ಮೂರೂ ಒಂದೇ ಚೀಲದಲ್ಲಿ ಕೂತವು. ಗೋಕಾಕದಲ್ಲಿ ಶುರುವಾದದ್ದು ಮೂಡಲಗಿ, ಹುಕ್ಕೇರಿಯ ಹೋಳಿಗೆ ಅಂಗಡಿಗಳಿಗೂ ಹಬ್ಬಿತು. ಮುಂಬೈಯಿಂದ ಕಂಪನಿಯವರು ಫೋನ್ ಮಾಡಿ, ದೊಡ್ಡ ಶಹರಗಳಲ್ಲೂ ಇಷ್ಟು ಬೇಗ ಖರ್ಚಾಗಿಲ್ಲ, ನಿಮ್ಮ ಜನ ದಿನಕ್ಕೆ ಎಷ್ಟು ಸಲ ಕುಡಿಯುತ್ತಾರೆ ಎಂದು ವಿಚಾರಿಸಿದರು. ನಮ್ಮ ಜನ ಕುಡಿಯುವುದಿಲ್ಲ, ಹೋಳಿಗೆ ತಿಂದ ಮೇಲೆ ಅನ್ನಕ್ಕೆ ಕಲಸಿ ಉಣ್ಣುತ್ತಾರೆ ಎಂದೆ. ಅವರು ಅದನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಖೋಲಿ ಬರಿದಾಯಿತು. ಭಾವ ಈಗ ಕಂಡಕಂಡವರಿಗೆ, ನಮ್ಮ ತಮ್ಮನ ತಲೆಯೇ ಬೇರೆ ಎಂದು ಹೇಳುತ್ತಾರೆ. ಯಾರೂ ತುಟಿ ಬಿಗಿಹಿಡಿಯುವುದಿಲ್ಲ.

ಹೋಳಿ ಹುಣ್ಣಿಮೆ ಬಂತು. ಅವರು ಹೋದ ಮೇಲೆ ಮೊದಲ ಬಾರಿ ಮನೆಯಲ್ಲೇ ಹೋಳಿಗೆ ಮಾಡಬೇಕೆನಿಸಿತು. ಬೇಳೆ ಹದವಾಗಿ ಕುದಿಸಿದೆ, ಬಸಿದೆ, ನೀರನ್ನು ಬಚ್ಚಲಿಗೆ ಚೆಲ್ಲಿದೆ. ಹೋಳಿಗೆಯೆಲ್ಲ ಬೇಯಿಸಿ, ಸಾರಿನ ಡಬ್ಬಿ ತರಲು ಸುವರ್ಣಾಳ ಅಂಗಡಿಗೆ ನಡೆದೆ.

"ಮುಂಜಾನೆನ ಖಾಲಿ ಆತ್ರಿ ಅಕ್ಕಾರ," ಎಂದಳು. ಆಮೇಲೆ ನನ್ನ ಸೀರೆಯ ಮೇಲಿನ ಹಿಟ್ಟು ನೋಡಿದಳು. "ಮನ್ಯಾಗ ಬ್ಯಾಳಿ ಕುದಿಸಿದವರಿಗೆ ಡಬ್ಬಿ ಯಾಕ ಬೇಕ್ರಿ? ಕಟ್ಟು ಏನ್ ಮಾಡಿದ್ರಿ?"

ನಾನು ಹಬ್ಬದ ಶುಭಾಶಯ ಹೇಳಿ ಬಂದೆ.

ಅಂದು ಮೂರು ತಾಲೂಕುಗಳಲ್ಲಿ ಮನೆಮನೆಗೂ ಕಟ್ಟಿನ ಸಾರು ಕುದಿಯಿತು. ಅಧಿಕೃತ ವಿತರಕಿಯೊಬ್ಬಳು ಮಾತ್ರ ಹಾಲು ಹಚ್ಚಿಕೊಂಡು ಹೋಳಿಗೆ ತಿಂದಳು.