ಕಾಕಾನ ನಾಯಿಗೆ ಯಾವ ರೂಲು?

ನಮ್ಮ ಕಾಕಾ ಮನುಷ್ಯರ ಜೊತೆ ಜಗಳವಾಡಿದ್ದು ಕಡಿಮೆ. ಆದರೆ ರೂಲ್ ಬುಕ್ಕಿನ ಜೊತೆ ಜಗಳಕ್ಕೆ ಬಿದ್ದವರು ಇಡೀ ಬೆಟಗೇರಿಯಲ್ಲಿ ಅವರೊಬ್ಬರೇ!

ಶಿರಹಟ್ಟಿ ಕಡೆಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ರಿಟೈರಾದವರು. ನಾನು, ನನ್ನ ತಂಗಿ ಭಾನುವಾರ ಮಧ್ಯಾಹ್ನ ಒಂದು ಆಟ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ನಡೆಸುವ ಆಟ. ಕಥೆ ಹೇಳುವವಳು ನಾನು. ಒಂದು ವಾರ ಕಾಕಾ ಕರೆಯದೇ ಬಂದು ಕೂತರು. ಪಾತ್ರ ಆರಿಸುವಾಗ ತಂಗಿ ಕತ್ತಿ ಹಿಡಿದಳು. ಇವರು?

"ನನಗ ಕತ್ತಿ ಬ್ಯಾಡ. ದನಕರದ ಜೋಡಿ ಮಾತಾಡಾಕ ಬರಬೇಕು, ಅಷ್ಟ."

ಬಂತು ನೋಡಿ ಪೇಚು! ನನ್ನ ಹತ್ತಿರ ಇದ್ದದ್ದು ಇಂಥ ಮೂರು ಆಟಗಳ ರೂಲ್ ಬುಕ್ಕು, ಒಂದರ ಹಾಗೆ ಇನ್ನೊಂದಿಲ್ಲ. ಮೊದಲನೆಯದರಲ್ಲಿ ಪ್ರಾಣಿಯ ಜೊತೆ ಮಾತಾಡಲು ಮಂತ್ರ ಬೇಕು, ಹತ್ತು ನಿಮಿಷಕ್ಕೆ ಅದು ಮುಗಿಯುತ್ತದೆ.

"ಹತ್ತು ನಿಮಿಷಾ? ಎಮ್ಮಿ ತಲಿ ಎತ್ತಿ ನೋಡಾಕ ಹತ್ತು ನಿಮಿಷ ಬೇಕವಾ!"

ಇನ್ನೊಂದರಲ್ಲಿ ತಾವೇ ಪ್ರಾಣಿಯಾಗಬಹುದು, ಆದರೆ ಬಾಯಿ ಬಿದ್ದುಹೋಗುತ್ತದೆ.

"ನಿಮ್ಮ ಕಾಕು ಮುಂದ ನಾ ದಿನಾ ಹಂಗ ಇರ್ತೀನಿ. ಅದಕ್ಯಾಕ ಆಟ?"

ಅಡುಗೆಮನೆಯಿಂದ ಕಾಕು ಕೂಗಿದರು: "ಕೇಳಸಾಕತ್ತೈತ್ರಿ!"

ಕೊನೆಯದರಲ್ಲಿ ಮಾತೂ ಇಲ್ಲ, ವೇಷವೂ ಇಲ್ಲ. ಹೇಳಿದ ಮಾತು ಕೇಳುವ ಒಂದು ಪ್ರಾಣಿ ಜೊತೆಗಿರುತ್ತದೆ. ಕಾಕಾ ವಾರವಿಡೀ ಮೂರನ್ನೂ ಓದಿ, ಕೆಂಪು ಪೆನ್ನಿನಿಂದ ತಿದ್ದಿ ತಂದರು. 'ಕುದುರೆ ದಿನವಿಡೀ ಓಡಬಲ್ಲದು' ಎಂಬಲ್ಲಿ ಅಂಚಿಗೆ ಬರೆದಿದ್ದರು: 'ನೀರು ಕುಡಿಸಿದವರ್ಯಾರು?' ಕಡೆಗೆ ಆ ಕೊನೆಯ ಪುಸ್ತಕವೇ ಪಾಸಾಯಿತು. ಕಾಕಾಗೊಂದು ಕಂದು ನಾಯಿ ಸಿಕ್ಕಿತು.

ಆಮೇಲೆ ಆಟ ಮುಂದೆ ಸಾಗಿದ್ದರೆ ಕೇಳಿ! ಎದುರಿಗೆ ರಾಕ್ಷಸ ಬಾಯಿ ತೆರೆದು ನಿಂತಿರುತ್ತಿದ್ದ. "ತಡಿ, ನಾಯಿಗೆ ರೊಟ್ಟಿ ಹಾಕ್ತೀನಿ" ಎನ್ನುತ್ತಿದ್ದರು ಕಾಕಾ. ರಾಕ್ಷಸ ಬಾಯಿ ಮುಚ್ಚಿಕೊಂಡು ಕಾಯಬೇಕು!

ನಾಲ್ಕನೆಯ ಭಾನುವಾರ ಗುಡ್ಡದ ಗವಿಯಲ್ಲಿ ದಾಳ ಕೆಟ್ಟದಾಗಿ ಬಿತ್ತು. ನಾಯಿ ಸತ್ತಿತು.

"ಚಿಂತಿ ಬ್ಯಾಡ ಕಾಕಾ," ಅಂದೆ. "ಆಟದಾಗ ನಾಳೆ ಮುಂಜಾನೆ ಹೊಸಾದು ಬರ್ತೈತಿ, ಪುಸ್ತಕದಾಗ ಐತಿ."

"ಬ್ಯಾಡ. ಇದನ್ನ ಹೊತಗೊಂಡು ಊರಿಗೆ ಹೊಕ್ಕೇನಿ. ಮಣ್ಣು ಮಾಡಬೇಕು."

ತಂಗಿ ಚೀರಿದಳು: "ನಿಧಿ ಇಲ್ಲೇ ಮುಂದೈತಿ! ಊರು ಮೂರು ದಿನದ ಹಾದಿ!"

"ಮೂರು ದಿನಾ ನಡೀತೀನಿ."

ನಾನು ನಕ್ಕೆ. ಅವರು ನಗಲಿಲ್ಲ.

"ಬೆಳ್ಳಟ್ಟಿಯಿಂದ ಒಬ್ಬಾಕಿ ಮುದುಕಿ ದವಾಖಾನಿಗೆ ಎತ್ತು ತಂದಿದ್ಲು. ಉಳೀಲಿಲ್ಲ. 'ಅಳಬ್ಯಾಡ ಯವ್ವಾ, ಮತ್ತೊಂದು ತಗೋ' ಅಂದೆ. ಆಕಿ ಎತ್ತಿನ ಕೊರಳಾನ ಗಂಟು ಬಿಚ್ಚಿದ್ಲು. ಹಗ್ಗ ಸುತ್ತಿ ಹೆಗಲಿಗೆ ಹಾಕ್ಕೊಂಡು ನಡದಬಿಟ್ಲು. ಮೂವತ್ತು ವರ್ಷ ಎಲ್ಲಾರಿಗೂ ನಾ 'ಮತ್ತೊಂದು ತಗೋ' ಅಂತನ ಹೇಳೇನವಾ."

ತಂಗಿ ದಾಳವನ್ನು ಪಕ್ಕಕ್ಕೆ ಸರಿಸಿದಳು. "ನಾನೂ ಬರ್ತೀನಿ ಕಾಕಾ, ಒಂದು ಕಡೆ ನಾ ಹಿಡೀತೀನಿ" ಅಂದಳು.

ಆ ಮಧ್ಯಾಹ್ನ ಮತ್ತೆ ದಾಳ ಮುಟ್ಟಲಿಲ್ಲ. ಮೂರು ದಿನದ ಆ ಹಾದಿಯಲ್ಲಿ ಅವರಿಬ್ಬರಿಗೂ ಬಿಸಿಲು ತಾಗದಂತೆ, ಮುಳ್ಳು ಚುಚ್ಚದಂತೆ, ನಾನು ಕಥೆ ಹೇಳಿದೆ.