ಮೊದಲನೇ ಹಲಗೆ ಯಾರದು

ಬೆಳಗ್ಗೆ ಲಿಂಗಪೂಜೆ ಮುಗಿಸಿ, ಇವತ್ತಾದರೂ ಬುದ್ಧಿ ಇರುವವರು ಸಿಗಲಪ್ಪಾ ಎಂದು ಶಿವನನ್ನು ಬೇಡಿಯೇ ನಾನು ಮನೆ ಬಿಡುತ್ತಿದ್ದೆ. ಅವನಿಗೂ ನಗು ಬೇಕಲ್ಲ, ಅದೊಂದನ್ನು ಮಾತ್ರ ನಡೆಸಿಕೊಡಲಿಲ್ಲ. ಎಂಬತ್ತರ ದಶಕದ ಕೊನೆಗೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಪಂಪ್‌ಸೆಟ್ ವೈರಿಂಗ್ ಮಾಡಿಕೊಂಡಿದ್ದ ನನಗೆ ಸೋಲಾರ್ ಹಲಗೆ ಕೂರಿಸುವ ಕೆಲಸವೂ ಸಿಕ್ಕಿತು. ಜಗಳೂರು ಕಡೆಯ ಒಂದು ಊರಿನದನ್ನಷ್ಟೇ ಹೇಳುತ್ತೇನೆ. ಉಳಿದ ಊರುಗಳೂ ಇದರ ಒಡಹುಟ್ಟಿದವೇ.

ಆ ಊರಾಚೆಯ ಸಣ್ಣ ಆಸ್ಪತ್ರೆಗೆ ಕರೆಂಟ್ ಕಂಬ ಬಂದಿರಲಿಲ್ಲ. ಲಾಟೀನು ಹಿಡಿದು ಹೆರಿಗೆ ಮಾಡಿಸಿ ಸಾಕಾಗಿದ್ದ ನರ್ಸಮ್ಮ, ದೀಪಾವಳಿಯೊಳಗೆ ದೀಪ ಉರಿಯದಿದ್ದರೆ ವರ್ಗ ಮಾಡಿಸಿಕೊಂಡು ಹೋಗುತ್ತೇನೆ ಎಂದುಬಿಟ್ಟಿದ್ದರು. ಸರ್ಕಾರ ಎರಡು ಹಲಗೆ, ಬ್ಯಾಟರಿ, ಚಾರ್ಜು ಕಾಯುವ ಡಬ್ಬಿ ಕೊಟ್ಟಿತು. ಡಬ್ಬಿಗೆ ಬೇಕಾದದ್ದು ಇಪ್ಪತ್ನಾಲ್ಕು ವೋಲ್ಟು, ಒಂದೊಂದು ಹಲಗೆ ಹನ್ನೆರಡರದ್ದು. ಒಂದರ ಬೆನ್ನಿಗೆ ಒಂದನ್ನು ಸೀರೀಸಿನಲ್ಲಿ ಕಟ್ಟಿದರೇ ಕೆಲಸ. ಹಲಗೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡು ಒಂದನ್ನು ಹಳೇ ಪಟೇಲರು, ಇನ್ನೊಂದನ್ನು ಹೊಸ ಮಂಡಲ ಪ್ರಧಾನರು ಮಾಡಿಸಿಕೊಟ್ಟರು. ಹಲಗೆ ಸರ್ಕಾರದ್ದು, ಬಿಸಿಲು ಶಿವನದು, ಹೆಮ್ಮೆ ಮಾತ್ರ ಇವರಿಬ್ಬರದು.

ಯಮನ ದಿಕ್ಕು

ಹಲಗೆಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದೆ. ನಾನು ಊಟ ಮಾಡಿ ಬರುವಷ್ಟರಲ್ಲಿ ಗುಡಿಯ ಅಯ್ನೋರು ಅವನ್ನು ಪೂರ್ವಕ್ಕೆ ತಿರುಗಿಸಿಬಿಟ್ಟಿದ್ದರು. ದಕ್ಷಿಣ ಯಮನ ದಿಕ್ಕಂತೆ, ಹೆರಿಗೆ ಆಸ್ಪತ್ರೆಗೆ ಆಗದಂತೆ. ಸೂರ್ಯನೇ ಈಗ ದಕ್ಷಿಣಕ್ಕೆ ವಾಲಿಕೊಂಡು ಹೋಗ್ತಾನಲ್ಲ ಅಯ್ನೋರೆ, ಅವನಿಗೆ ಯಾರು ಹೇಳಬೇಕು ಎಂದು ಕೇಳಿದೆ.

"ಅವನು ದೇವರಪ್ಪ, ಅವನಿಗೆ ದೋಷ ಇಲ್ಲ. ತಗಡಿಗೆ ಐತೆ," ಎಂದರು.

ನರ್ಸಮ್ಮ ಗದರಿದ ಮೇಲೆ ಹಲಗೆಗಳು ಯಮನ ಕಡೆಗೇ ತಿರುಗಿದವು.

ವಿಭೂತಿ

ಆಯುಧ ಪೂಜೆ ಬಂತು. ಪಟೇಲರು ತಮ್ಮ ಸ್ಟ್ಯಾಂಡಿನ ಹಲಗೆಗೆ ಅಡ್ಡಡ್ಡ ದಪ್ಪಗೆ ವಿಭೂತಿ ಬಳಿಸಿ, ಮೇಲೊಂದು ಚೆಂಡುಹೂವಿನ ಹಾರ ಹಾಕಿಸಿದರು. ಚಾರ್ಜು ನಿಂತಿತು. ನನ್ನ ಹಲಗೆ ಕನ್ನಡಿಯಂಗೆ ಐತೆ, ಅದಕ್ಯಾಕೆ ಬಂತು ರೋಗ ಎಂದು ಪ್ರಧಾನರು ಜಗಳಕ್ಕೆ ಬಂದರು. ಸೀರೀಸಿನಲ್ಲಿ ಹಿಂಗೇ ರೀ, ಮುಂದಿನದಕ್ಕೆ ಬಿಸಿಲು ತಪ್ಪಿದರೆ ಹಿಂದಿನದೂ ನಿಲ್ಲುತ್ತದೆ ಎಂದು ಹೇಳಿ, ಒದ್ದೆ ಬಟ್ಟೆ ಹಿಡಿದು ಹೋದೆ.

ಪಟೇಲರು ಅಡ್ಡ ಬಂದರು. "ಹಣೆ ತುಂಬ ವಿಭೂತಿ ಇಟ್ಕೊಂಡು ವಿಭೂತಿ ಒರಸಾಕೆ ಬಂದೀಯಲ್ಲ, ನಾಚಿಕೆ ಆಗಲ್ವಾ?"

"ನನ್ನ ಹಣೆಯಿಂದ ಯಾರೂ ದೀಪ ಹಚ್ಚಬೇಕಾಗಿಲ್ಲ ಪಟೇಲ್ರೆ," ಎಂದು ಒರೆಸಿದೆ.

ಹಿಂದು ಮುಂದು

ಹಿಂದಿನದು ಎಂದೆನಲ್ಲ, ಆ ಮಾತು ಪ್ರಧಾನರ ಎದೆಯಲ್ಲಿ ಮುಳ್ಳಾಗಿ ಕೂತಿತು. ಪಂಕ್ತಿಯಲ್ಲಿ ತಮ್ಮ ಎಲೆ ಎರಡನೆಯದಾಯಿತೆಂದು ಊಟ ಬಿಟ್ಟು ಎದ್ದುಹೋದ ಮನೆತನ ಅದು. ಕರೆಂಟು ಸುತ್ತು ಹೊಡೆಯುತ್ತದೆ, ಅದಕ್ಕೆ ಮೊದಲು ಕೊನೆ ಇಲ್ಲ ಎಂದರೆ ಇಬ್ಬರೂ ಕೇಳಲೊಲ್ಲರು. ನಾನು ಸವಳಂಗಕ್ಕೆ ಹೋಗಿದ್ದಾಗ ಪ್ರಧಾನರು ತಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ ಕೈಲಿ ಎರಡು ಹಲಗೆಯ ವೈರುಗಳನ್ನೂ ಸಮಸಮವಾಗಿ ನೇರ ಡಬ್ಬಿಗೇ ಕೊಡಿಸಿದರು. ಅದು ಪ್ಯಾರಲಲ್. ಮರ್ಯಾದೆ ಸಮ ಆಯಿತು, ವೋಲ್ಟು ಅರ್ಧ ಆಯಿತು. ಬ್ಯಾಟರಿ ಬರಿದಾಯಿತು. ನರ್ಸಮ್ಮ ಟ್ರಂಕು ಕಟ್ಟಿದರು.

ಪಟೇಲರ ಸೊಸೆ, ಪ್ರಧಾನರ ಮಗಳು ಇಬ್ಬರೂ ತುಂಬಿದ ಬಸುರಿಯರು. ದೊಡ್ಡ ಮನುಷ್ಯರು ಓಡಿಬಂದರು, ಆಸ್ಪತ್ರೆ ಜಗಲಿಯ ಮೇಲೆ ಪಂಚಾಯ್ತಿ ಕೂತಿತು. ಸೀರೀಸೇ ಇರಲಿ, ಆದರೆ ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಪಟೇಲರದ್ದು ಮುಂದೆ, ಆಮೇಲೆ ಪ್ರಧಾನರದ್ದು ಎಂದು ತೀರ್ಮಾನವಾಯಿತು. ತಿಂಗಳು ತಿಂಗಳು ವೈರು ಬದಲಿಸುವವರು ಯಾರು? ನರ್ಸಮ್ಮ ಟ್ರಂಕಿನ ಮೇಲೆ ಕೂತಲ್ಲಿಂದಲೇ, ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಏಳಿ ಎಂದರು.

ನರ್ಸಮ್ಮ ನನ್ನ ಕೈಲಿ ಮತ್ತೆ ಸೀರೀಸ್ ಕಟ್ಟಿಸಿಕೊಂಡು, ಜಗಳೂರಿನಿಂದ ಎರಡು ತಗಡಿನ ಬೋರ್ಡು ಬರೆಸಿ ತರಿಸಿದರು: 'ಮೊದಲನೆಯದು', 'ಎರಡನೆಯದು'. ಅಮಾವಾಸ್ಯೆ ಬಂದರೆ ವೈರು ಮುಟ್ಟದೆ ಬೋರ್ಡುಗಳನ್ನು ಅದಲುಬದಲು ಮಾಡುವುದು, ಅಷ್ಟೇ. ದೀಪ ಒಂದೇ ಸಮನೆ ಉರಿಯಿತು, ಎರಡೂ ಹೆರಿಗೆ ಸುಸೂತ್ರವಾದವು.

ಮುಂದೊಮ್ಮೆ ಹೋದಾಗ ಪ್ರಧಾನರು ನನ್ನನ್ನು ಪಕ್ಕಕ್ಕೆ ಕರೆದರು. ತಮ್ಮದು ಮುಂದಿದ್ದ ತಿಂಗಳು ಬೆಳಕು ಹಾಲು ಚೆಲ್ಲಿದಂಗೆ ಬೀಳುತ್ತದಂತೆ, ಪಟೇಲರದ್ದು ಬಂದರೆ ಮಂಕಂತೆ. ಆಮೇಲೆ ದನಿ ತಗ್ಗಿಸಿದರು.

"ಪಟೇಲರ ಮೊಮ್ಮಗ ಹುಟ್ಟಿದ್ದು ನಮ್ಮ ತಿಂಗಳಾಗೆ, ನಮ್ಮ ಬೆಳಕಿನಾಗೆ. ನಾಮಕರಣದ ಮೊದಲ ವೀಳ್ಯ ನನಗೆ ಕೊಡಬೇಕಿತ್ತೋ ಬ್ಯಾಡವೋ, ನೀವೇ ಹೇಳ್ರಿ."