ಹೊಸದುರ್ಗವನ್ನು ಸೋಲಿಸಿದ ಬಡತನ

ದಯಾನಂದ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಹೊಳಲ್ಕೆರೆಯ ತನ್ನ ಬೀದಿಗೂ ಹೊಸದುರ್ಗದ ಒಂದು ಬೀದಿಗೂ ಬಡತನದಲ್ಲಿ ಹೋಲಿಕೆ ನಡೆದಿದೆ, ಬಡವರು ಹೆಚ್ಚಿರುವ ಬೀದಿಗೆ ಅನುದಾನ ಬರುತ್ತದೆ ಎಂದು ಗುತ್ತಿಗೆಯ ಗಣತಿದಾರನಾದ ಅವನು ಬೆಳಿಗ್ಗೆ ನಲ್ಲಿಯ ಹತ್ತಿರ ಹೇಳಿಬಿಟ್ಟ. ಫ್ರಿಜ್ಜು, ವಾಷಿಂಗ್ ಮಷೀನು ಇದ್ದ ಮನೆ ಬಡವರ ಪಟ್ಟಿಗೆ ಬರುವುದಿಲ್ಲ ಎಂದೂ ಸೇರಿಸಿದ. ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಚಪಲ, ಇನ್ನೇನು!

ಅವನು ಫಾರಂ ಹಿಡಿದು ಹೊರಡುವಷ್ಟರಲ್ಲಿ ಪಕ್ಕದ ಮನೆಯ ಪ್ಯಾರಿ ಬೀ ಫ್ರಿಜ್ಜು ನೂಕಿಕೊಂಡು ಬಂದರು.

"ಅಲ್ಲಪ್ಪಾ, ಹೊಸದುರ್ಗದೋರ ಮುಂದೆ ನಾವು ಸೋಲೋದಾ? ಸಂಜೆ ತಂಕ ಇದು ನಿಮ್ಮನೇಲಿರ್ಲಿ. ಬರೆಯೋನೇ ನೀನು, ನಿನ್ ಮನೆ ಯಾರ್ ನೋಡ್ತಾರೆ?"

ಮಾತು ದಯಾನಂದನಿಗೂ ಸರಿ ಎನಿಸಿತು. ಇಲ್ಲ ಅನ್ನುವುದು ಅವನ ನಾಲಿಗೆಗೆ ಹುಟ್ಟಿನಿಂದಲೇ ಬರದು. ಹಿಂದೆಯೇ ಎದುರುಮನೆಯ ಏಕಾಂತಮ್ಮ ವಾಷಿಂಗ್ ಮಷೀನು ಹೊರಿಸಿಕೊಂಡು ಬಂದರು. ಹನ್ನೊಂದು ಗಂಟೆಗೆಲ್ಲ ಅವನ ಒಂದೇ ಕೋಣೆಯ ಮನೆಯಲ್ಲಿ ಐದು ಫ್ರಿಜ್ಜು, ಮೂರು ಮಷೀನು ಮದುವೆ ಮನೆಯ ನೆಂಟರ ಹಾಗೆ ಒತ್ತಿಕೊಂಡು ನಿಂತವು.

"ರೀ, ಒಲೆ ಎಲ್ಲೈತೆ ಅಂತನಾದ್ರೂ ಹೇಳ್ರಿ!" ಹೆಂಡತಿ ಮಮತಾ ಫ್ರಿಜ್ಜುಗಳ ಹಿಂದಿನಿಂದ ಕೂಗಿದಳು. "ನಮ್ ಬಿಪಿಎಲ್ ಕಾರ್ಡ್ ಹೋದ್ರೆ ಅಕ್ಕಿಗೆ ಏನ್ ಮಾಡ್ತೀರಿ, ನಿಮ್ಮಮ್ಮನ ಆಸ್ಪತ್ರೆಗೆ ಏನ್ ಮಾಡ್ತೀರಿ?"

"ಬರೆಯೋನು ನಾನೇ ಕಣೇ!"

ಮನೆಮನೆಗೂ ಹೋಗಿ 'ಏನೂ ಇಲ್ಲ' ಎಂದು ಬರೆದ. ಹಾಗೆ ನೋಡಿದರೆ ಅದು ಸುಳ್ಳೂ ಅಲ್ಲ.

ಮೂರು ಗಂಟೆಗೆ ಮೇಲ್ವಿಚಾರಕಿ ನೇತ್ರಾವತಿ ಸ್ಕೂಟರಿನಲ್ಲಿ ಬಂದು ಫಾರಂ ನೋಡಿದರು, ಹೊಸದುರ್ಗಕ್ಕೆ ಫೋನ್ ಮಾಡಿದರು.

"ಅಲ್ಲಿ ನೂರಕ್ಕೆ ಅರವತ್ತು ಮನೆ ಬಡವರದು. ಇಲ್ಲಿ ಎಲ್ಲರೂ ಬಡವರೇ ಅಂತೀರಲ್ಲ! ಸರಿ, ಗಣತಿದಾರರ ಮನೇನ ನಾನೇ ಬರೀಬೇಕು. ನಡೀರಿ."

ದಯಾನಂದ ಕಾಲೆಳೆಯುತ್ತ ಹೋಗಿ ತನ್ನ ಮನೆಯ ಬಾಗಿಲು ತೆರೆದ. ಒಳಗೆ ಕಾಲಿಡಲು ಜಾಗವಿಲ್ಲದೆ ನೇತ್ರಾವತಿ ಹೊಸ್ತಿಲಲ್ಲೇ ನಿಂತರು.

"ಇವೆಲ್ಲ ಯಾರವ್ರೀ?"

ನಿಜ ಹೇಳಿದರೆ ಸುಳ್ಳು ಬರೆದದ್ದಕ್ಕೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಕಾರ್ಡು ಹೋಗುತ್ತದೆ. ಬೆನ್ನ ಹಿಂದೆ ಇಡೀ ಬೀದಿ ಬಂದು ನಿಂತಿತ್ತು.

"ನಮ್ಮವೇ ಮೇಡಂ," ಎಂದ ದಯಾನಂದ. "ನಂಗೆ ತಣ್ಣೀರು ಅಂದ್ರೆ ಸ್ವಲ್ಪ ಇಷ್ಟ."

ನೇತ್ರಾವತಿ ಕಾರ್ಡಿನ ನಂಬರು ಗುರುತು ಹಾಕಿಕೊಂಡು, ರದ್ದಿಗೆ ಶಿಫಾರಸು ಬರೆದು ಹೊರಟರು. ಸ್ಕೂಟರು ತಿರುವು ದಾಟಿದ್ದೇ ತಡ, ಹೊಸದುರ್ಗವನ್ನು ಸೋಲಿಸಿದ ಬೀದಿ ಕೇಕೆ ಹಾಕಿತು. ಎಲ್ಲರೂ ನುಗ್ಗಿ ತಂತಮ್ಮ ಸಾಮಾನು ಹೊರತೆಗೆಯತೊಡಗಿದರು.

ದಯಾನಂದ ಅಳುವ ದನಿಯಲ್ಲಿ, "ಏಕಾಂತಮ್ಮಾರೇ, ನಿಮಗೋಸ್ಕರ ನನ್ ಕಾರ್ಡೇ ಹೋತು. ತಿಂಗಳ ಅಕ್ಕಿಗೆ ನೀವೆಲ್ಲ ಸೇರಿ ಒಂದಿಷ್ಟು..." ಎಂದ.

ಏಕಾಂತಮ್ಮ ವಾಷಿಂಗ್ ಮಷೀನಿನ ಇನ್ನೊಂದು ಕಡೆ ಹಿಡಿಯಲು ಅವನಿಗೇ ಸನ್ನೆ ಮಾಡುತ್ತ ಮರುಗಿದರು.

"ನಮ್ಮತ್ರ ಎಲ್ಲೈತಪ್ಪಾ? ನಾವು ಏನೂ ಇಲ್ದೋರು. ನೀನೇ ಬರ್ಕಂಡಿದೀಯಲ್ಲ!"